ಮೆಣಸಿನಕಾಯಿಯ ಮೇಲೆ ಬಂದ ಅಪವಾದ

ದೇಗು ಊರಿನ ಈ ಹದಿನೈದು ಮಹಡಿಯ ಅಪಾರ್ಟ್‌ಮೆಂಟುಗಳಲ್ಲಿ ಎಸಿಯ ಹೊರಗಿನ ಪೆಟ್ಟಿಗೆಗೆ ಅಂತಲೇ ಅಡುಗೆಮನೆಯ ಹಿಂದೆ ಒಂದು ಪುಟ್ಟ ಕೋಣೆ ಇರುತ್ತದೆ. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಹೊರಗೋಡೆಗೆ ಗಾಜಿನ ಅಡ್ಡಪಟ್ಟಿಗಳ ಕಿಟಕಿ. ಹಿಡಿ ತಿರುಗಿಸಿದರೆ ಪಟ್ಟಿಗಳು ತೆರೆದುಕೊಂಡು, ಪೆಟ್ಟಿಗೆ ಉಗುಳುವ ಬಿಸಿಗಾಳಿ ಆಚೆ ಹೋಗುತ್ತದೆ. ಕಟ್ಟಿದವರ ಲೆಕ್ಕದಲ್ಲಿ ಆ ಕೋಣೆಗೆ ಇದ್ದದ್ದು ಇಷ್ಟೇ ಕೆಲಸ.

ಹನ್ನೊಂದನೇ ಮಹಡಿಯ ಪಿಲ್‌ಸುನ್ ಮುದುಕಿಯ ಲೆಕ್ಕ ಬೇರೆ ಇತ್ತು. ಹಳ್ಳಿ ಬಿಟ್ಟು ಮಗನ ಮನೆಗೆ ಬಂದ ಮೊದಲ ಬೇಸಿಗೆಯಲ್ಲೇ ಆಕೆ ಆ ಬಿಸಿಗಾಳಿಗೆ ಅಂಗೈ ಒಡ್ಡಿ ನೋಡಿದಳು. ಮರುದಿನವೇ ಒಂದು ಚೀಲ ಕೆಂಪು ಮೆಣಸಿನಕಾಯಿ ತಂದು, ತಟ್ಟೆಯಲ್ಲಿ ಹರಡಿ, ಪೆಟ್ಟಿಗೆಯ ತಲೆಯ ಮೇಲಿಟ್ಟಳು. ಅಂಗಳದಲ್ಲಿ ಎಂಟು ದಿನ ಬೇಡುವ ಕಾಯಿ ಎರಡೇ ದಿನದಲ್ಲಿ ಗಲಗಲ ಅಂದಿತು. ಆಮೇಲೆ ಪ್ರತಿ ಆಗಸ್ಟಿನಲ್ಲೂ ಇದೇ. ಕರೆಂಟು ಹೇಗೂ ಸುಡ್ತಿದೆ, ಅದರ ಬಿಸಿಯನ್ನ ಗಾಳಿಗೆ ಯಾಕೆ ಸುರೀಬೇಕು ಅನ್ನುವುದು ಆಕೆಯ ವಾದ. ಮನೆಯ ವರ್ಷದ ಕಿಮ್ಚಿ ಉಪ್ಪಿನಕಾಯಿಗೆ ಬೇಕಾದ ಖಾರವೆಲ್ಲ ಆ ಕೋಣೆಯಿಂದಲೇ ಬರುತ್ತಿತ್ತು.

ಸೊಸೆ ಇನ್‌ಸಿಲ್‌ಗೆ ಇದು ಕಣ್ಣಿಗೆ ಬಿದ್ದರಾಗದು. ಅವಳು ಶಾಲೆಯೊಂದರ ಅಡುಗೆಮನೆಯಲ್ಲಿ ಆರುನೂರು ಮಕ್ಕಳಿಗೆ ಬೇಯಿಸುವವಳು. ಬೇಸಿಗೆ ರಜೆಯ ನಾಲ್ಕು ವಾರವಾದರೂ ಮನೆಯಲ್ಲಿ ಖಾರದ ಘಾಟು ಬೇಡ ಎಂದು ಅವಳ ಆಸೆ. ಬೇಡ ಅತ್ತೆ, ಪೆಟ್ಟಿಗೆ ಕೆಡುತ್ತೆ ಅಂತ ಹೇಳುವಳು. ಆಯ್ತು, ಇದೊಂದು ತಟ್ಟೆ ಅಷ್ಟೆ ಅಂತ ಅತ್ತೆ ಹೇಳುವಳು. ಆ ಒಂದು ತಟ್ಟೆ ಮೂರು ವರ್ಷದಿಂದ ಮುಗಿದಿರಲಿಲ್ಲ.

ಆಗಸ್ಟ್ ಮೂರರ ಮಧ್ಯಾಹ್ನ ಆ ಕೋಣೆಯಿಂದ ಹೊಗೆ ಬಂತು. ಎದುರಿನ ಕಟ್ಟಡದವರು ಯಾರೋ ನೋಡಿ ಅಗ್ನಿಶಾಮಕದವರಿಗೆ ಫೋನು ಮಾಡಿದರು. ಲಿಫ್ಟು ನಿಂತಿತು. ಮೂವತ್ತು ಮನೆಯ ಜನ ಮೆಟ್ಟಿಲಿಳಿದು ಬಿಸಿಲಿಗೆ ಬಂದು ನಿಂತರು. ಹದಿಮೂರನೇ ಮಹಡಿಯ ಬಸುರಿಯನ್ನು ಗಂಡ ಹೆಚ್ಚುಕಡಿಮೆ ಹೊತ್ತೇ ತಂದ. ಇನ್‌ಸಿಲ್ ಮೀನಿನ ಚೀಲ ಹಿಡಿದು ಸಂತೆಯಿಂದ ಬಂದವಳು ಗುಂಪನ್ನು ನೋಡಿದಳು. ಗುಂಪಿನ ನಡುವೆ ಮನೆಯ ಚಪ್ಪಲಿಯಲ್ಲೇ ನಿಂತ ಅತ್ತೆಯನ್ನು ನೋಡಿದಳು. ಪಕ್ಕದಲ್ಲಿ ಪುಸ್ತಕ ಎದೆಗವಚಿಕೊಂಡ ಮಗಳು ದಾಸೊಲ್ ಇದ್ದಳು. ನವೆಂಬರಿನಲ್ಲಿ ದೊಡ್ಡ ಪರೀಕ್ಷೆ ಇರುವ ಹುಡುಗಿ.

ಸುಟ್ಟಿದ್ದು ಒಂದು ತಂತಿ, ಕರಗಿದ್ದು ಒಂದು ಪ್ಲಾಸ್ಟಿಕ್ ತಟ್ಟೆ. ಅಗ್ನಿಶಾಮಕದವನು ಕೆಳಗಿಳಿದು ಬಂದು, ಪೆಟ್ಟಿಗೆ ವಿಪರೀತ ಕಾದಿತ್ತು, ಗಾಳಿ ಹೋಗೋ ದಾರಿ ಮುಚ್ಚಿರಬೇಕು, ಮೇಲೆ ಏನೋ ಮೆಣಸಿನಕಾಯಿ ಇತ್ತು ಎಂದ. ಯಾರೋ ಕಿಸಕ್ಕನೆ ನಕ್ಕರು. ಆ ನಗೆ ಇನ್‌ಸಿಲ್‌ಳ ನೆತ್ತಿಗೇರಿತು.

"ಎಷ್ಟು ಸಲ ಹೇಳಿದ್ದೆ ಅತ್ತೆ ನಿಮಗೆ? ಬೇಗ ಒಣಗ್ಲಿ ಅಂತ ಕಿಟಕಿ ಮುಚ್ಚಿದ್ರಾ? ಮೂವತ್ತು ಮನೆಯವರನ್ನ ಸುಡೋಕೆ ಹೊರಟಿದ್ರಾ?"

"ಕಿಟಕಿ ತೆಗೆದಿದ್ದೆ ದಾಸೊಲ್ ಅಮ್ಮ," ಅಂದಳು ಮುದುಕಿ ಸೊಸೆಗೆ. "ಬೆಳಿಗ್ಗೆ ಎದ್ದ ತಕ್ಷಣ ತೆಗೆದೆ."

"ತೆಗೆದಿದ್ರೆ ಹೊಗೆ ಯಾಕ್ ಬರುತ್ತೆ? ನಿಮ್ಮ ತಲೆಯಲ್ಲಿ ಏನೂ ನಿಲ್ತಿಲ್ಲ ಈಗ."

ಇದನ್ನು ಅವಳು ಹೇಳಿದ್ದು ಮೂವತ್ತು ಮನೆಯವರ ಎದುರಿಗೆ, ದೊಡ್ಡ ದನಿಯಲ್ಲಿ. ನೆರೆಯವರ ಸಿಟ್ಟು ಮನೆಯ ಮೇಲೆ ಬೀಳದೆ ಒಬ್ಬರ ಮೇಲೆ ಬೀಳಲಿ ಅನ್ನುವ ಹಂಚಿಕೆಯೂ ಆ ದನಿಯಲ್ಲಿ ಸ್ವಲ್ಪ ಇತ್ತು. ಬೈಗುಳ ಮುಗಿದಾಗ ಬಸುರಿಯ ಗಂಡನೇ, ಹೋಗ್ಲಿ ಬಿಡಿ, ವಯಸ್ಸಾದವರು ಅಂದ. ಮರುದಿನ ಸಂಜೆ ಪ್ರತಿ ಮನೆಯ ಗೋಡೆಯ ಸ್ಪೀಕರಿನಲ್ಲಿ ಕಟ್ಟಡದ ಕಚೇರಿಯವರು, ಎಸಿ ಪೆಟ್ಟಿಗೆಯ ಕೋಣೆಯಲ್ಲಿ ದಯವಿಟ್ಟು ಮೆಣಸಿನಕಾಯಿ ಒಣಗಿಸಬೇಡಿ ಎಂದು ಎರಡು ಸಲ ಓದಿದರು. ಮನೆ ನಂಬರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ತಂತಿ ಬದಲಾಯಿಸಿದವನು, ಪೆಟ್ಟಿಗೆ ಒಳಗೆಲ್ಲ ಕೊಳೆ ಕಟ್ಟಿದೆ, ತೊಳೆಸದೆ ಸ್ವಿಚ್ ಹಾಕಬೇಡಿ ಎಂದು ಹೇಳಿಹೋದ. ಉರಿಬೇಸಿಗೆಯಲ್ಲಿ ತೊಳೆಯುವವರು ಸಿಗಬೇಕಲ್ಲ. ಹನ್ನೊಂದು ದಿನ ಬಿಟ್ಟು ಬರುತ್ತೇವೆ ಅಂದರು. ಆ ಹನ್ನೊಂದು ದಿನ ಮನೆ ಒಲೆಯ ಮೇಲಿಟ್ಟ ಹಾಗಿತ್ತು. ನಾಲ್ವರೂ ಹಜಾರದ ನೆಲದ ಮೇಲೆ ಎರಡು ಫ್ಯಾನಿಗೆ ಮುಖ ಮಾಡಿ ಮಲಗಿದರು. ಊಟವೆಂದರೆ ತಣ್ಣೀರಿನಲ್ಲಿ ಕಲಸಿದ ಅನ್ನ, ಸೌತೆಕಾಯಿಯ ತಂಪು ಸಾರು, ಒಣಮೀನು. ದಾಸೊಲ್ ಓದಲಿಕ್ಕೆ ಬೆಳಿಗ್ಗೆಯೇ ಗ್ರಂಥಾಲಯಕ್ಕೆ ಓಡುತ್ತಿದ್ದಳು. ಸಿಟಿ ಬಸ್ ಓಡಿಸುವ ಗಂಡ ಜೊಂಗ್‌ದೇ, ಬಸ್ಸಿನಲ್ಲಾದರೂ ತಂಪಿದೆ ಎಂದು ಹೆಚ್ಚಿನ ಪಾಳಿ ಕೇಳಿ ತೆಗೆದುಕೊಂಡ.

ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಮುದುಕಿ ಒಲೆ ಹಚ್ಚುವುದನ್ನು ಬಿಟ್ಟಳು. ನೀನೇ ಹಚ್ಚು, ನಾನು ಆರಿಸೋದು ಮರ್ತರೆ ಕಷ್ಟ ಎನ್ನುವಳು. ಇನ್‌ಸಿಲ್ ಬೇಡ ಅನ್ನಲಿಲ್ಲ.

ತೊಳೆಯಲು ಬಂದವನು ಬಾಂಗ್ ಎಂಬ ಅರವತ್ತರ ಆಸುಪಾಸಿನ ಮನುಷ್ಯ. ಅತ್ತೆ ಮಂಡಿನೋವಿಗೆಂದು ದವಾಖಾನೆಗೆ ಹೋಗಿದ್ದಳು. ಬಾಂಗ್ ಪೆಟ್ಟಿಗೆಯ ಮುಚ್ಚಳದ ತಿರುಪು ಬಿಚ್ಚಿ, ತಂತಿಗಳ ಭಾಗಕ್ಕೆ ಪ್ಲಾಸ್ಟಿಕ್ ಸುತ್ತಿ, ಬೆನ್ನಿನ ಕಡೆಯ ತೆಳು ತಗಡಿನ ಸಾಲುಗಳಿಗೆ ನೊರೆ ಹೊಡೆದ. ಸ್ವಲ್ಪ ಹೊತ್ತು ಬಿಟ್ಟು ಪೈಪಿನಿಂದ ನೀರು ಹಾಯಿಸಿದ. ಮೇಲಿನಿಂದ ಕೆಳಕ್ಕೆ, ನೇರವಾಗಿ. ಅಡ್ಡ ಹೊಡೆದರೆ ತಗಡು ಮಡಚಿಕೊಳ್ಳುತ್ತದೆ ಎಂದ. ಕಾಡಿಗೆಯಂಥ ನೀರು ಮೋರಿಗೆ ಇಳಿಯಿತು. ನಡುನಡುವೆ ಹಳದಿ ಬೀಜಗಳು ತೇಲಿದವು.

"ಇದೇ ನೋಡಿ," ಅಂದಳು ಇನ್‌ಸಿಲ್. "ಇದರಿಂದಲೇ ಇಷ್ಟೆಲ್ಲ ಆಗಿದ್ದು."

ಬಾಂಗ್ ಒಂದು ಬೀಜ ಬೆರಳ ತುದಿಯಲ್ಲಿ ಎತ್ತಿ ನೋಡಿ ನಕ್ಕ. ಇಪ್ಪತ್ತು ಬೀಜಕ್ಕೆ ಪೆಟ್ಟಿಗೆ ಸುಡಲ್ಲಮ್ಮ ಎಂದು, ಅದನ್ನು ಒಂದು ಗೇಣು ಹಿಂದಕ್ಕೆ ಎಳೆದ. ಪೆಟ್ಟಿಗೆಯ ಮುಖಕ್ಕೂ ಕಿಟಕಿಗೂ ನಡುವೆ ಕೈ ಹಾಕಿ ತಡಕಿದ. ಆಮೇಲೆ ಮೆಲ್ಲಗೆ ಏನನ್ನೋ ಸುಲಿಯತೊಡಗಿದ. ಅರ್ಧ ಕರಗಿ ಗಾಜಿಗೆ ಅಂಟಿದ್ದ, ಮೊಳದಗಲದ ಗುಳ್ಳೆ ಪ್ಲಾಸ್ಟಿಕ್ ಹಾಳೆ ಕೈಗೆ ಬಂತು.

ಚಳಿಗಾಲದಲ್ಲಿ ಇಲ್ಲಿ ಯಾರೂ ಅದನ್ನು ಕಿಟಕಿಗೆ ಅಂಟಿಸದೆ ಇರುವುದಿಲ್ಲ. ಗಾಜಿಗೆ ನೀರು ಚಿಮುಕಿಸಿ ಹಚ್ಚಿದರೆ ಶೀತಗಾಳಿ ಒಳಗೆ ನುಸುಳದು. ಡಿಸೆಂಬರಿನಲ್ಲಿ ಆ ಕೋಣೆಯ ನಲ್ಲಿ ಹೆಪ್ಪುಗಟ್ಟಿತೆಂದು ಇನ್‌ಸಿಲ್ಲೇ ನಾಲ್ಕು ಹಾಳೆ ಕತ್ತರಿಸಿ, ಪೆಟ್ಟಿಗೆಯ ಮೇಲೆ ಹೊಟ್ಟೆ ಊರಿ ಬಗ್ಗಿ ಅಂಟಿಸಿದ್ದಳು. ಮಾರ್ಚಿನಲ್ಲಿ ಮೇಲಿನ ಮೂರನ್ನು ಕಿತ್ತಿದ್ದಳು. ಕೆಳಗಿನದಕ್ಕೆ ಕೈ ನಿಲುಕಲಿಲ್ಲ. ಆಮೇಲೆ ತೆಗೆದರಾಯಿತು ಎಂದುಕೊಂಡದ್ದೂ ಈಗ ಚೆನ್ನಾಗಿ ನೆನಪಾಯಿತು.

"ಹಿಡಿ ತಿರುಗಿಸಿದ್ರೆ ಮೇಲಿನ ಪಟ್ಟಿಗಳೇನೋ ತೆರ್ಕೊಳ್ತವೆ," ಅಂದ ಬಾಂಗ್. "ಬೆಳಕೂ ಬರುತ್ತೆ. ನಿಂತು ನೋಡಿದವರಿಗೆ ಕಿಟಕಿ ತೆಗೆದೇ ಇದೆ ಅನ್ಸುತ್ತೆ. ಗಾಳಿ ಹೋಗಬೇಕಾದ್ದು ಮಾತ್ರ ಕೆಳಗೆ. ಅಲ್ಲಿ ಇದು ಅಡ್ಡ ಕೂತಿತ್ತು."

ಹಾಗಾದರೆ ಅತ್ತೆ ಹೇಳಿದ್ದು ನಿಜ. ಬೆಳಿಗ್ಗೆ ಎದ್ದ ತಕ್ಷಣ ಆಕೆ ಕಿಟಕಿ ತೆಗೆದಿದ್ದಳು. ಕಟ್ಟಡದ ಕಚೇರಿಗೆ ಕೊಡಬೇಕಾದ ಚೀಟಿ ತೆಗೆದು ಬಾಂಗ್, ಕಾರಣ ಏನಂತ ಬರೀಲಿ ಎಂದು ಕೇಳಿದ.

"ಕಸ ಅಂತ ಬರೀರಿ."

ಆತ ತಲೆಯೆತ್ತಿ ಒಂದು ಕ್ಷಣ ಅವಳ ಮುಖ ನೋಡಿದ. "ಇದೂ ಕಸವೇ ಬಿಡಿ," ಅಂದು ಬರೆದುಕೊಟ್ಟ.

ಆತ ಹೋದಮೇಲೆ ಇನ್‌ಸಿಲ್ ಆ ಹಾಳೆಯನ್ನು ಮುದುರಿದಳು. ಪ್ಲಾಸ್ಟಿಕ್ ಬೇರೆ, ಗಾಜು ಬೇರೆ ಎಂದು ಬೇರ್ಪಡಿಸಿ ಹಾಕುವುದರಲ್ಲಿ ಅವಳದ್ದು ಎತ್ತಿದ ಕೈ; ಪಕ್ಕದ ಮನೆಯವರಿಗೇ ಪಾಠ ಹೇಳುವವಳು. ಅವತ್ತು ಮಾತ್ರ ಅದನ್ನು ಮಾಮೂಲಿ ಕಸದ ಚೀಲದ ತಳಕ್ಕೆ ತುರುಕಿ, ಮೇಲೆ ಮೀನಿನ ತಲೆಗಳನ್ನು ಸುರಿದು, ಗಂಟು ಬಿಗಿದು, ಅತ್ತೆ ಬರುವ ಮುಂಚೆ ಕೆಳಗೆ ಒಯ್ದು ಎಸೆದು ಬಂದಳು. ಸಂಜೆ ಗಂಡನಿಗೆ ಹೇಳಬೇಕು ಎಂದುಕೊಂಡಳು. ಸಂಜೆ ಎಸಿಯ ತಂಪಿನಲ್ಲಿ ಕೂತು ಗಂಡ, ಅಬ್ಬಾ, ಎಷ್ಟು ಬೀಜ ಸಿಕ್ತು ಎಂದು ಕೇಳಿದ. ಒಂದು ಹಿಡಿ ಅಂದಳು. ಅಲ್ಲಿಗೆ ಆ ಸಂಜೆ ಮುಗಿಯಿತು.

ಅದೇ ಊಟದ ನಡುವೆ ಮುದುಕಿ, ಇನ್ನು ನಾನು ಜನರ ಮುಖ ನೋಡಬೇಕು ಅಂದಳು. ಅಂಗಡಿಯಲ್ಲಿ ಅಕ್ಕಿ ಕಡುಬಿಗೆ ಹೇಳಿಬಂದಿದ್ದಳಂತೆ, ಇಪ್ಪತ್ತೊಂಬತ್ತು ಪೊಟ್ಟಣ. ಮನೆಮನೆಗೆ ಹೋಗಿ ತಪ್ಪಾಯಿತು ಅನ್ನುತ್ತೇನೆ ಅಂದಳು. ಇಷ್ಟು ದಿನ ಆದಮೇಲೆ ಯಾಕಮ್ಮ ಎಂದ ಮಗ. ಪೆಟ್ಟಿಗೆ ತೊಳೆದು ಶುದ್ಧ ಆಯ್ತಲ್ಲ, ಈಗ ಹೋಗೋದೇ ಸರಿ ಎಂದಳು ತಾಯಿ. ಮಂಡಿ ನೋಯುವವಳನ್ನು ಒಬ್ಬಳನ್ನೇ ಕಳಿಸಲಾಗದು. ತಟ್ಟೆ ಹಿಡಿದು ಜೊತೆಗೆ ಹೋಗಬೇಕಾದವಳು ಸೊಸೆ.

ಮರುದಿನ ಹದಿನೈದನೇ ಮಹಡಿಯಿಂದ ಶುರುಮಾಡಿ ಇಳಿದರು. ಬಾಗಿಲು ತೆರೆದ ಕೂಡಲೇ ಮುದುಕಿ ಸೊಂಟ ಬಗ್ಗಿಸಿ, ಹನ್ನೊಂದನೇ ಮಹಡಿಯವಳು, ಕಿಟಕಿ ತೆಗೆಯೋದು ಮರ್ತು ನಿಮಗೆಲ್ಲ ತೊಂದರೆ ಕೊಟ್ಟೆ ಎನ್ನುವಳು. ಮೊದಲ ಎರಡು ಮನೆಯಲ್ಲಿ, ಮರ್ತೆ ಅಂತ ಕಾಣುತ್ತೆ ಎಂದಿದ್ದಳು. ಮೂರನೇ ಮನೆಯಿಂದ ಬರೀ ಮರ್ತೆ. ಹಿಂದೆ ನಿಂತ ಇನ್‌ಸಿಲ್ ತಾನೂ ತಲೆ ಬಗ್ಗಿಸುವಳು. ನೋಡಿದವರಿಗೆ ಎಂಥ ಸೊಸೆ ಅನ್ನಿಸಬೇಕು. ಬಸುರಿ ಹೆಂಗಸು ಬಾಯಿಬಿಟ್ಟೇ ಅಂದಳು, "ಅಜ್ಜಿ, ನೀವು ಪುಣ್ಯ ಮಾಡಿದ್ರಿ. ಇಂಥ ಸೊಸೆ ಯಾರಿಗೆ ಸಿಗ್ತಾರೆ?"

ಮುದುಕಿ ಹೌದು ಹೌದು ಅಂದಳು. ಇನ್‌ಸಿಲ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಎಂಟನೇ ಮಹಡಿಗೆ ಬರುವಾಗ ಈಗ ಹೇಳಿಬಿಡಬೇಕು ಎಂದುಕೊಂಡಳು. ಆದರೆ ಹದಿಮೂರು ಬಾಗಿಲಲ್ಲಿ ಆಕೆ ಬಗ್ಗಿ ಆಗಿತ್ತು; ಈಗ ಹೇಳಿದರೆ ಆ ಹದಿಮೂರಕ್ಕೆ ಏನು ಉತ್ತರ? ನಾಲ್ಕನೇ ಮಹಡಿಗೆ ಬರುವಾಗ ಅದು ಇಪ್ಪತ್ತೊಂದಾಗಿತ್ತು. ಸುಮ್ಮನಿದ್ದಷ್ಟೂ ಮಾತಿನ ಭಾರ ಹೆಚ್ಚುತ್ತಲೇ ಹೋಯಿತು.

ಆ ಭಾನುವಾರ ಜೊಂಗ್‌ದೇಯ ಅಕ್ಕ ಯೊಂಗ್‌ಜಾ ಪೂಸಾನಿನಿಂದ ಕಲ್ಲಂಗಡಿ ಹೊತ್ತು ಬಂದಳು. ತಾಯಿಯನ್ನು ಮಲಗಲು ಕಳಿಸಿ ಮೂವರೂ ಮೇಜಿಗೆ ಕೂತರು. ಇವತ್ತು ಕಿಟಕಿ, ನಾಳೆ ಗ್ಯಾಸು ಎಂದಳು ಯೊಂಗ್‌ಜಾ. ಸರ್ಕಾರಿ ಕಚೇರಿಗೆ ಅರ್ಜಿ ಹಾಕಿದರೆ ಮನೆಗೇ ಬಂದು ಮುದುಕರ ಮರೆವು ಎಷ್ಟಿದೆ ಅಂತ ಪರೀಕ್ಷೆ ಮಾಡುತ್ತಾರೆ; ಅವರು ದರ್ಜೆ ಬರೆದುಕೊಟ್ಟರೆ ವೃದ್ಧರ ಆರೈಕೆ ಮನೆಗೆ ಸೇರಿಸಬಹುದು. ತನ್ನ ಮನೆಯಲ್ಲಿ ಇಟ್ಟುಕೊಳ್ಳುವ ಮಾತು ಅವಳ ಬಾಯಿಗೆ ಬರಲಿಲ್ಲ.

"ನೋಡಿಕೊಳ್ಳೋಳು ನೀನು," ಅಂದಳು ತಮ್ಮನ ಹೆಂಡತಿಗೆ. "ನೀನು ಆಗುತ್ತೆ ಅಂದ್ರೆ ನಾವ್ಯಾಕೆ ಬೇಡ ಅನ್ನೋಣ? ನಿನಗೇನನ್ಸುತ್ತೆ, ಅತ್ತೆಗೆ ಮರೆವು ಇದೆಯೋ ಇಲ್ವೋ?"

ಕೇಳಿದ್ದು ನೇರವಾಗಿ ಅದನ್ನೇ. ಇನ್‌ಸಿಲ್ ಕಲ್ಲಂಗಡಿಯ ಬೀಜ ಬಿಡಿಸುತ್ತ ಕೂತಳು. ಅತ್ತೆಯ ಕೋಣೆ ಖಾಲಿಯಾದರೆ ದಾಸೊಲ್‌ಗೆ ಓದಲು ಜಾಗವಾಗುತ್ತದೆ, ಶಾಲೆಯಲ್ಲಿ ಆರುನೂರು ಜನಕ್ಕೆ ಬೇಯಿಸಿ ಬಂದು ಮತ್ತೆ ಒಬ್ಬರಿಗೆ ಮೆತ್ತಗೆ ಬೇಯಿಸುವುದು ತಪ್ಪುತ್ತದೆ. ಈ ಲೆಕ್ಕ ಅವಳ ತಲೆಯಲ್ಲಿ ಆ ಹೊತ್ತಿನಲ್ಲೇ ಓಡಿತು. ಅದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಬಾಯಿಂದ ಬಂದದ್ದು, ಪರೀಕ್ಷೆ ಮಾಡಿಸೋಣ ಅಕ್ಕ, ಅವರೇ ಹೇಳ್ತಾರೆ ಎಂಬ ಮಾತು.

ರಜೆ ಮುಗಿದು ಶಾಲೆ ತೆರೆಯಿತು. ಮುದುಕಿ ಬದಲಾಗತೊಡಗಿದಳು. ಬೆಳಿಗ್ಗೆ ಎದ್ದು ಮೊಮ್ಮಗಳನ್ನು, ಇವತ್ತು ಯಾವ ವಾರ, ಎಷ್ಟನೇ ತಾರೀಖು ಎಂದು ಕೇಳಿ, ಸರಿಯಾಗಿ ಹೊಳೆದಿತ್ತೇ ಎಂದು ತಾಳೆ ನೋಡುವಳು. ಬಾಗಿಲಿಗೆ ಬೀಗ ಬಿದ್ದ ಸದ್ದು ಕೇಳಿಯೂ ಎದ್ದುಹೋಗಿ ಎಳೆದು ನೋಡುವಳು. ಸೊಸೆ ಒಲೆಯ ಮೇಲಿಟ್ಟ ಸಾರಿಗೆ ಉಪ್ಪು ಹಾಕಿದ್ದು ಹೌದೋ ಅಲ್ಲವೋ ಎಂದು ಚಮಚ ಹಿಡಿದು ನಿಲ್ಲುವಳು. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪದ ಉಪ್ಪು ಆ ವಾರ ಎರಡು ಸಲ ಹೆಚ್ಚಾಯಿತು. ಹೆಚ್ಚಾದದ್ದನ್ನು ಜೊಂಗ್‌ದೇ ಹೆಂಡತಿಗೆ ಕಣ್ಸನ್ನೆಯಲ್ಲಿ ತೋರಿಸಿದ.

ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ದಾಸೊಲ್ ಬಟ್ಟಲು ತಳ್ಳಿ ಎದ್ದಳು.

"ಅಜ್ಜಿಗೆ ಏನೂ ಆಗಿಲ್ಲ. ನೀವೆಲ್ಲ ಸೇರಿ ಆಗೋ ಹಾಗೆ ಮಾಡ್ತಿದ್ದೀರ."

"ನೀನು ಓದ್ಕೋ, ದೊಡ್ಡವರ ವಿಷಯ ನಿನಗೆ ಬೇಡ," ಅಂದಳು ಇನ್‌ಸಿಲ್.

"ಅವತ್ತು ಅಜ್ಜಿ ಕಿಟಕಿ ತೆಗ್ದಾಗ ಪಟ್ಟಿಗಳು ಕಿರ್ ಅಂದಿದ್ದು ನಂಗೆ ಕೇಳ್ಸಿತ್ತು. ಹೇಳಿದ್ರೆ ಅಪ್ಪ, ಅದು ಬೇರೆ ದಿನ ಇರಬೇಕು ಅಂದ್ರು. ನೀನು ಅವತ್ತೂ ಸುಮ್ನೇ ಇದ್ದೆ. ನಿಂಗೆ ಅಜ್ಜಿ ಹೋದ್ರೆ ಸಾಕಾಗಿದೆ ಅಲ್ವಾ ಅಮ್ಮ?"

ಇನ್‌ಸಿಲ್ ಕೈಯೆತ್ತಿದಳು, ಹೊಡೆಯಲಿಲ್ಲ. ಮಾತು ಸುಳ್ಳಾಗಿದ್ದರೆ ಹೊಡೆದಿರುತ್ತಿದ್ದಳು.

ಸರ್ಕಾರಿ ಕಚೇರಿಯ ಹೆಂಗಸು ಪರೀಕ್ಷೆಗೆ ಬಂದದ್ದು ಆಗಸ್ಟಿನ ಕೊನೆಯ ದಿನ, ಮಧ್ಯಾಹ್ನ ಮೂರಕ್ಕೆ. ಇನ್‌ಸಿಲ್ ಅರ್ಧ ದಿನ ರಜೆ ಹಾಕಿ ಬಂದು ಬಾರ್ಲಿ ನೀರು ಸುರಿದಿಟ್ಟಳು. ಮುದುಕಿ ತಲೆ ಬಾಚಿ, ಹೊರಗೆ ಹೋಗುವ ಅಂಗಿ ತೊಟ್ಟು, ಶಾಲೆಗೆ ಹೊಸದಾಗಿ ಸೇರಿದ ಮಗುವಿನಂತೆ ಕೂತಿದ್ದಳು. ಕೈ ಎತ್ತಿ ಅಂದರೆ ಎತ್ತಿದಳು. ಎದ್ದು ನಿಲ್ಲಿ ಅಂದರೆ ಮೇಜು ಹಿಡಿದು ನಿಂತಳು. ತಾರೀಖು, ವಾರ, ಹುಟ್ಟಿದ ದಿನ, ನೂರರಿಂದ ಏಳೇಳು ಕಳೆಯುವುದು, ಎಲ್ಲವನ್ನೂ ತಪ್ಪದೆ ಹೇಳಿದಳು. ಕಚೇರಿಯವಳು ಮುಗುಳ್ನಕ್ಕು ಹಾಳೆ ತಿರುವಿ, ಇತ್ತೀಚೆಗೆ ಮರೆವಿನಿಂದ ಏನಾದರೂ ಅಪಾಯ ಆಗಿದೆಯೇ ಎಂದು ಕೇಳಿದಳು.

"ಆಗಿದೆ," ಅಂದಳು ಮುದುಕಿ. "ಎಸಿ ಕೋಣೆಯ ಕಿಟಕಿ ಮುಚ್ಚಿದ್ದೆ. ಬೆಂಕಿ ಹತ್ತೋದರಲ್ಲಿತ್ತು. ಮುಚ್ಚಿದ್ದು ನೆನಪಿದ್ದಿದ್ರೆ ಪರವಾಗಿರ್ಲಿಲ್ಲ. ನನಗೆ ತೆಗೆದ ಹಾಗೇ ನೆನಪು. ಹಿಡಿ ತಣ್ಣಗಿದ್ದದ್ದೂ ನೆನಪಿದೆ. ಆಗದೇ ಇದ್ದದ್ದು ಇಷ್ಟು ಚೆನ್ನಾಗಿ ನೆನಪಾಗುತ್ತೆ ಅಂದ್ರೆ, ಇನ್ನು ನನ್ನ ತಲೇನ ನಾನೇ ಹೇಗೆ ನಂಬಲಿ? ಕಳಿಸೋದಾದ್ರೆ ಕಳಿಸ್ಲಿ. ನಾನು ಬೇಡ ಅನ್ನಲ್ಲ."

ಆಕೆ ಅಳಲಿಲ್ಲ. ಬೆರಳುಗಳನ್ನು ಮಾತ್ರ ಒಂದರೊಳಗೊಂದು ಹೆಣೆದುಕೊಂಡಿದ್ದಳು. ಕಚೇರಿಯ ಹೆಂಗಸು ಬರೆದುಕೊಳ್ಳುತ್ತ ಇನ್‌ಸಿಲ್‌ಳ ಕಡೆ ತಿರುಗಿ, ನಡೆದದ್ದು ಹೀಗೆಯೇ ತಾನೇ ಎಂದಳು. ಹೌದು ಎಂದಿದ್ದರೆ ಸಾಕಿತ್ತು.

"ಅಲ್ಲ," ಅಂದಳು ಇನ್‌ಸಿಲ್. "ಕಿಟಕಿ ತೆಗೆದೇ ಇತ್ತು. ಅತ್ತೆ ತೆಗೆದಿದ್ರು. ಚಳಿಗಾಲದಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು ನಾನು, ಕೆಳಗಿನದನ್ನ ಕೀಳದೆ ಬಿಟ್ಟೋಳೂ ನಾನು. ಗಾಳಿ ಕಟ್ಟಿದ್ದು ಅದರಿಂದ. ತೊಳೆಯೋಕೆ ಬಂದವರು ಕಿತ್ತು ನನ್ನ ಕೈಗೇ ಕೊಟ್ಟರು."

ಮುದುಕಿ ಸೊಸೆಯ ಕಡೆ ತಿರುಗಿದಳು.

"ಕಡುಬು ಹಂಚೋಕೆ ಹೋದಾಗ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ."

ಮುದುಕಿ ಹೆಣೆದ ಬೆರಳು ಬಿಡಿಸಿದಳು. ಕಚೇರಿಯವಳ ಕಡೆ ತಿರುಗಿ, "ಆ ಪ್ರಶ್ನೆ ಇನ್ನೊಂದ್ಸಲ ಕೇಳಮ್ಮ," ಅಂದಳು. ಆಕೆ ಕೇಳಿದಳು, ಮರೆವಿನಿಂದ ಏನಾದರೂ ಅಪಾಯ ಆಗಿದೆಯೇ.

"ಇಲ್ಲ. ಬರ್ಕೋ."

ಹೆಂಗಸು ಹೋದಮೇಲೆ ಇನ್‌ಸಿಲ್ ನೆಲಕ್ಕೆ ಮಂಡಿಯೂರಿ ತಲೆ ತಗ್ಗಿಸಿದಳು. ಬೈಯಲಿ, ಹೊಡೆಯಲಿ ಎಂದು ಕಾದಳು. ಮುದುಕಿ ಅಂಗಿ ಬದಲಾಯಿಸಿ ಬಂದು, ಅಕ್ಕಿ ಅಳೆದು, ಮೂರು ಸಲ ತೊಳೆದು, ತಿಂಗಳಾದಮೇಲೆ ಮೊದಲ ಸಲ ತಾನೇ ಒಲೆ ಹಚ್ಚಿದಳು. ಬೆನ್ನು ತಿರುಗಿಸಿಯೇ ಹೇಳಿದಳು:

"ಜೊಂಗ್‌ದೇಗೆ ನಾನು ಹೇಳಲ್ಲ. ಯೊಂಗ್‌ಜಾಗೂ ಹೇಳಲ್ಲ. ನಿನ್ನ ಬಾಯಿದೆಯಲ್ಲ. ಅವತ್ತು ಕೆಳಗೆ ಎಲ್ಲರೆದುರು ಚೆನ್ನಾಗೇ ನಡೀತಿತ್ತು ಅದು."

ಅತ್ತೆ ತನ್ನನ್ನು ಕಾಪಾಡುವುದಿಲ್ಲ, ಬಯಲಿಗೂ ಎಳೆಯುವುದಿಲ್ಲ. ಆ ಇಪ್ಪತ್ತೊಂಬತ್ತು ಬಾಗಿಲು, ಯೊಂಗ್‌ಜಾಗೆ ಮಾಡಬೇಕಾದ ಫೋನು, ಮಗಳ ಕಣ್ಣು, ಎಲ್ಲವೂ ತನ್ನ ಪಾಲಿಗೇ ಬಿದ್ದವೆಂದು ಇನ್‌ಸಿಲ್‌ಗೆ ಅರ್ಥವಾಯಿತು. ಎದ್ದುಹೋಗಿ ಮೀನು ಹುರಿದಳು. ಅತ್ತೆ ಸಾರಿಗೆ ಉಪ್ಪು ಹಾಕಿದಳು, ರುಚಿ ನೋಡಲಿಲ್ಲ.

ಏಳು ಗಂಟೆಗೆ ಬಾಗಿಲ ಬೀಗದ ನಂಬರು ಒತ್ತಿದ ಸದ್ದಾಗಿ ಜೊಂಗ್‌ದೇ ಒಳಗೆ ಬಂದ. ಹಿಂದೆಯೇ ದಾಸೊಲ್. ಹೊಸ್ತಿಲಲ್ಲೇ ಶೂ ಕಳಚುತ್ತ ಆತ, ಪರೀಕ್ಷೆ ಏನಾಯಿತಮ್ಮ, ದರ್ಜೆ ಸಿಗುತ್ತದಂತೆಯೇ ಎಂದು ತಾಯಿಯನ್ನೇ ಕೇಳಿದ. ತಾಯಿ ಮೇಜಿಗೆ ಕೂತು ಮೊಮ್ಮಗಳ ಬಟ್ಟಲಿಗೆ ಮುಳ್ಳು ತೆಗೆದ ಮೀನು ಹಾಕುತ್ತಿದ್ದಳು. ಕೇಳಿಸಿಯೂ ಕೇಳಿಸದವಳಂತೆ ಹಾಕುತ್ತಲೇ ಇದ್ದಳು.

"ರೀ," ಅಂದಳು ಇನ್‌ಸಿಲ್. "ಮರೆವು ಅತ್ತೆಗಲ್ಲ. ಕಿಟಕಿಗೆ ಪ್ಲಾಸ್ಟಿಕ್ ಅಂಟಿಸಿ ಮರ್ತೋಳು ನಾನು."

"ಏನು?" ಅಂದ ಗಂಡ. ಆಮೇಲೆ ಸಮಾಧಾನದ ನಗೆ ನಕ್ಕು, "ಹೋಗ್ಲಿ, ಮರೆವು ಯಾರಿಗಿಲ್ಲ, ಇವತ್ತು ನೆನಪಾಯ್ತಾ?" ಎಂದು ಕೇಳಿದ.

ಅಲ್ಲಿಗೇ ನಿಲ್ಲಿಸಿ ಬಚಾವಾಗಬಹುದಿತ್ತು. ಗಂಡ ಬಾಗಿಲು ತೆರೆದೇ ಕೊಟ್ಟಿದ್ದ. ಇನ್‌ಸಿಲ್ ಅತ್ತೆಯ ಕಡೆ ನೋಡಿದಳು. ಅತ್ತೆಯ ಕೈ ಮೀನಿನ ಮೇಲೆ ನಿಂತುಬಿಟ್ಟಿತ್ತು.

"ಇವತ್ತಲ್ಲ," ಅಂದಳು. "ಹದಿನೇಳು ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ."